ಪ್ರೊಫೆಸರ್ ಮಂದಾರನಿಗೊಂದು ಹಾರ

ಹೊನ್ನಾಳಿಯ ಗುಲ್ಜಾರ್‌ಬೀ ವ್ಯಾಪಾರದ ಹೊತ್ತಿನಲ್ಲಿ ಬಳೆ ಅಂಗಡಿ ಮುಚ್ಚಿದವರಲ್ಲ. ಆ ಸೋಮವಾರ ಮಾತ್ರ ಮಧ್ಯಾಹ್ನಕ್ಕೇ ಷಟರ್ ಎಳೆದು ಮನೆಗೆ ಬಂದವರು ಬುರ್ಖಾ ಕೂಡ ತೆಗೆಯದೆ ಮಂಚದ ಮೇಲೆ ಕೂತುಬಿಟ್ಟರು.

"ಮಂದಾರ ಹೋದ್ನಂತೆ," ಎಂದರು.

ಸೊಸೆ ನುಜಹತ್ ಗಾಬರಿಯಿಂದ ಒಲೆ ಆರಿಸಿ ಬಂದಳು. "ಯಾರು ಅಮ್ಮೀ? ನಮ್ಮ ನೆಂಟ್ರಾ?"

"ನೆಂಟ್ರಿಗಿಂತ ಹೆಚ್ಚು. ಪ್ರೊಫೆಸರ್ ಮಂದಾರ."

ಆಗ ನುಜಹತ್‌ಗೆ ಅರ್ಥವಾಯಿತು. ನಗಬೇಕೋ ಸಮಾಧಾನ ಹೇಳಬೇಕೋ ತಿಳಿಯದೆ ಒಂದು ಲೋಟ ನೀರು ತಂದುಕೊಟ್ಟಳು.

ಈ ಮಂದಾರ ಸಿನಿಮಾದ ಖಳನಾಯಕ. 'ಮಿಂಚುಳ್ಳಿ' ಎಂಬ ಗುಪ್ತನಾಮದ ಗೂಢಚಾರನ ಸಿನಿಮಾಗಳು ಮೂರು ದಶಕಗಳ ಕಾಲ ಒಂದರ ಹಿಂದೊಂದು ಬಂದವು, ಒಟ್ಟು ಒಂಬತ್ತು. ಪ್ರತಿ ಸಿನಿಮಾದಲ್ಲೂ ಮಿಂಚುಳ್ಳಿ ದೇಶದ ಗುಟ್ಟು ಕಾಯುತ್ತಿದ್ದ, ಪ್ರತಿ ಸಿನಿಮಾದಲ್ಲೂ ಪ್ರೊಫೆಸರ್ ಮಂದಾರ ಅದನ್ನು ಕದಿಯಲು ಬರುತ್ತಿದ್ದ. ಕೊನೆಗೆ ಬಂಡೆಯಿಂದ ಬಿದ್ದೋ ಬೆಂಕಿಗೆ ಸಿಕ್ಕೋ ಸಾಯುತ್ತಿದ್ದ. ಮುಂದಿನ ಸಿನಿಮಾದಲ್ಲಿ ಬಿಳಿ ಕೋಟಿನ ಧೂಳು ಕೊಡವಿಕೊಂಡು ಮತ್ತೆ ಹಾಜರಾಗುತ್ತಿದ್ದ. ಆ ಪಾತ್ರ ಮಾಡಿದ ಭುಜಂಗ ಶ್ಯಾನುಭಾಗರು ಈ ಸಲ ನಿಜವಾಗಿಯೇ ತೀರಿಕೊಂಡಿದ್ದರು.

ಆ ಸಿನಿಮಾಗಳ ಹುಚ್ಚು ಹಿಡಿದವರು ಎಲ್ಲ ಕಡೆ ಇದ್ದರು. ಆದರೆ ಅದು ಬಿಡದೆ ಉಳಿದದ್ದು ನಾಲ್ಕು ಊರಿನ ನಾಲ್ವರಿಗೆ. ಚನ್ನಗಿರಿಯ ಅಡಿಕೆ ವ್ಯಾಪಾರಿ ಹಾಲಸ್ವಾಮಿ ಈ ಅರವತ್ತೈದರಲ್ಲೂ ಮಿಂಚುಳ್ಳಿಯ ಹಾಗೆ ಎಡಕ್ಕೆ ಬೈತಲೆ ತೆಗೆದು ಹಣೆಯ ಮೇಲೊಂದು ಕೂದಲ ಸುರುಳಿ ಬಿಟ್ಟುಕೊಳ್ಳುವವರು. ಸುರುಳಿಗೆ ಬೇಕಾದಷ್ಟು ಕೂದಲು ಈಗ ಇಲ್ಲ, ಅದು ಬೇರೆ ಮಾತು. ನ್ಯಾಮತಿಯಲ್ಲಿ ಸೈಕಲ್ ಶಾಪ್ ಇಟ್ಟಿರುವ ಓಂಕಾರಪ್ಪನವರು ಗೂಢಚಾರರ ಮೇಲಧಿಕಾರಿ ಕರ್ನಲ್ ಸಾಹೇಬರ ದನಿಯನ್ನು ಥೇಟ್ ಹಾಗೇ ತೆಗೆಯುತ್ತಿದ್ದರು. ಜಗಳೂರಿನ ಚಿಕ್ಕಹನುಮಂತಪ್ಪ ಕುರಿ ಸಾಕುವ ಮನೆತನದವನು. ಹಾಡುಗಳೆಲ್ಲ ಅವನಿಗೆ ಬಾಯಿಪಾಠ. ನಾಲ್ಕನೆಯವರು ಗುಲ್ಜಾರ್‌ಬೀ; ಅವರು ಮೊದಲಿಂದಲೂ ಮಂದಾರನ ಕಡೆ.

ಸರಣಿಯ ದೊಡ್ಡ ನಟರು ಒಬ್ಬೊಬ್ಬರಾಗಿ ತೀರಿಕೊಳ್ಳತೊಡಗಿದಾಗ ಈ ನಾಲ್ವರೂ ಒಂದೊಂದು ಊರಿನಲ್ಲಿ ಸೇರಿ ನೆನಪು ಮಾಡಿಕೊಳ್ಳುವ ಪದ್ಧತಿ ಶುರುವಾಯಿತು. ಮಿಂಚುಳ್ಳಿಯಾಗಿದ್ದ ಶರಶ್ಚಂದ್ರ ಅರಸು ತೀರಿಕೊಂಡಾಗ ಚನ್ನಗಿರಿಯಲ್ಲಿ ಹಾಲಸ್ವಾಮಿ ಬಸ್‌ಸ್ಟ್ಯಾಂಡ್ ಎದುರು ಬ್ಯಾನರ್ ಕಟ್ಟಿಸಿ ಊರಿಗೆಲ್ಲ ಊಟ ಹಾಕಿಸಿದರು. ನಾಯಕಿ ತೀರಿಕೊಂಡಾಗ ಗುಲ್ಜಾರ್‌ಬೀ ಫೋಟೊಕ್ಕೆ ಹೂವಿನ ಬದಲು ಹಸಿರು ಗಾಜಿನ ಬಳೆಗಳ ಸರವನ್ನೇ ಹಾಕಿದರು. ಹೊನ್ನಾಳಿಯ ಹೆಂಗಸರು ಅದನ್ನು ನೋಡಲೆಂದೇ ಬಂದರು. ಕರ್ನಲ್ ಸಾಹೇಬರಿಗೆ ನ್ಯಾಮತಿಯಲ್ಲಿ ಓಂಕಾರಪ್ಪ ಅವರದೇ ದನಿಯಲ್ಲಿ ಭಾಷಣ ಮಾಡಿ ಅಳಿಸಿದರು, ಆಮೇಲೆ ನಗಿಸಿದರು. ಈಗ ಉಳಿದದ್ದು ಮಂದಾರ. ಸರದಿ ಜಗಳೂರಿನದು.

ಅವತ್ತು ಸಂಜೆ ನಾಲ್ವರೂ ಫೋನಿನಲ್ಲಿ ಒಟ್ಟಿಗೆ ಸಿಕ್ಕರು.

"ಒಂದು ತೊಂದ್ರೆ ಐತೆ," ಎಂದ ಚಿಕ್ಕಹನುಮಂತಪ್ಪ. ದನಿ ಸಣ್ಣಗಾಗಿತ್ತು. "ನಮ್ಮವ್ವ ಬ್ಯಾಡ ಅಂತೈತೆ."

"ಏನು ಬ್ಯಾಡ?"

"ಮಂದಾರನ ಫೋಟೊ ಮನಿ ಹೊಸ್ತಿಲು ದಾಟಂಗಿಲ್ಲ ಅಂತ. ಕುರಿಗೆ ವಿಷ ಹಾಕ್ದೋನು ಅವನು ಅಂತ."

ಮೂರನೇ ಮಿಂಚುಳ್ಳಿಯಲ್ಲಿ ಅಂಥದ್ದೊಂದು ದೃಶ್ಯವಿತ್ತು. ಗಡಿಯ ಹಳ್ಳಿಯೊಂದನ್ನು ಖಾಲಿ ಮಾಡಿಸಲು ಮಂದಾರ ಬಾವಿಗೆ ವಿಷ ಬೆರೆಸುತ್ತಾನೆ. ಆ ನೀರು ಕುಡಿದು ಕುರಿಯ ಹಿಂಡೇ ಸತ್ತು ಬೀಳುತ್ತದೆ. ಚಿಕ್ಕಹನುಮಂತಪ್ಪನ ತಾಯಿ ಅಜ್ಜಮ್ಮ ತನ್ನ ಜೀವಮಾನದಲ್ಲಿ ನೋಡಿದ್ದು ಅದೊಂದೇ ಸಿನಿಮಾ, ಅದೂ ಅರ್ಧ. ಟೆಂಟಿನಲ್ಲಿ ಆ ದೃಶ್ಯ ಬಂದಾಗ ಎದ್ದು ನಿಂತು ಪರದೆಗೆ ಮಣ್ಣು ತೂರಿ, ಮಗನ ರಟ್ಟೆ ಹಿಡಿದು ಎಳೆದುಕೊಂಡು ಹೊರಗೆ ಬಂದಿದ್ದಳು.

ಹಾಲಸ್ವಾಮಿ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಒಂದು ಕೆಲ್ಸ ಮಾಡಾಣ. ಹೆಂಗೂ ಖಳನಾಯಕ. ಹಾರ ಗೀರ ಬ್ಯಾಡ. ಎಲ್ಲಾರೂ ಅವರವರ ಮನ್ಯಾಗೆ ಒಂದ್ನಿಮಿಷ ಎದ್ದು ನಿಂತರಾತು."

ಗುಲ್ಜಾರ್‌ಬೀಗೆ ಸಿಟ್ಟು ಬಂತು. ಬಂದದ್ದು ಅವರಿಗೇ ಆಶ್ಚರ್ಯವಾಗುವಷ್ಟು ಬಂತು.

"ಹಾಲಸ್ವಾಮಣ್ಣ, ನಿಮ್ಮೋರು ಹೋದಾಗ ನಾನು ಮೂರು ಬಸ್ಸು ಹತ್ತಿ ಬರಲಿಲ್ವಾ? ಓಂಕಾರಣ್ಣನ ಕರ್ನಲ್ಲಿಗೆ ಮಳೇಲಿ ನಿಂತು ಭಾಷಣ ಕೇಳಲಿಲ್ವಾ? ನನ್ನ ಕಡೆಯೋನು ಒಬ್ಬ ಸತ್ರೆ ಒಂದು ನಿಮಿಷವಾ?"



"ಅಕ್ಕಾ, ನಾನು ಹಂಗಂದಿಲ್ಲ..." ಎಂದು ಹಾಲಸ್ವಾಮಿ ತೊದಲಿದರು.

"ಅಂದ್ರಿ. ಇರ್ಲಿ. ಭಾನುವಾರ ನಾನು ಜಗಳೂರಿಗೆ ಹೋಗ್ತೀನಿ. ಆ ತಾಯಿ ಕೂಡ ನಾನೇ ಮಾತಾಡ್ತೀನಿ. ಬರೋರು ಬರ್ರಿ."

ಎಲ್ಲರೂ ಬಂದರು. ಭಾನುವಾರ ಬೆಳಗ್ಗೆ ದಾವಣಗೆರೆ ಬಸ್‌ಸ್ಟ್ಯಾಂಡಿನಲ್ಲಿ ಹಾಲಸ್ವಾಮಿ ಕೈಯಲ್ಲೊಂದು ದಪ್ಪನೆಯ ಚೆಂಡುಹೂವಿನ ಹಾರ ಹಿಡಿದು, ತಪ್ಪು ಮಾಡಿದ ಹುಡುಗನ ಹಾಗೆ ನಿಂತಿದ್ದರು. ಗುಲ್ಜಾರ್‌ಬೀ ಹಾರ ನೋಡಿದರು, ಅವರ ಮುಖ ನೋಡಿದರು, "ಚೆನ್ನಾಗೈತೆ," ಎಂದರು. ಅಲ್ಲಿಗೆ ಜಗಳ ಮುಗಿಯಿತು. ಓಂಕಾರಪ್ಪ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿದರು. ಮಂದಾರನ ಫೋಟೊವನ್ನು ಹಳೆಯ ದುಪ್ಪಟ್ಟಾದಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಗುಲ್ಜಾರ್‌ಬೀ ಕಿಟಕಿಯ ಪಕ್ಕ ಕೂತರು. ಜೊತೆಗೆ ಬಂದಿದ್ದ ನುಜಹತ್ ದಾರಿಯುದ್ದಕ್ಕೂ ಎರಡೂ ಕಡೆಯ ಮೆಕ್ಕೆಜೋಳದ ಹೊಲ ನೋಡುತ್ತ, ಈ ಮುದುಕರ ಮಾತು ಕೇಳುತ್ತ, ಮುಸಿಮುಸಿ ನಗುತ್ತಿದ್ದಳು.

ಚಿಕ್ಕಹನುಮಂತಪ್ಪನ ಮನೆ ಊರಿನ ಅಂಚಿನಲ್ಲಿತ್ತು. ಮುಂದೆ ಒಂದು ಬೇವಿನ ಮರ, ಅದರ ಸುತ್ತ ಕಟ್ಟೆ, ಪಕ್ಕದಲ್ಲೇ ಕುರಿಯ ಹಟ್ಟಿ. ದೊಡ್ಡ ಕುರಿಗಳು ಮೇಯಲು ಹೋಗಿದ್ದವು; ಮರಿಗಳು ಮಾತ್ರ ಅಂಗಳದಲ್ಲಿ ಕುಣಿಯುತ್ತಿದ್ದವು. ಅಜ್ಜಮ್ಮ ಹೊಸ್ತಿಲ ಮೇಲೆಯೇ ಕೂತಿದ್ದಳು. ಎಂಬತ್ತು ದಾಟಿದ ತೆಳ್ಳನೆಯ ಮುದುಕಿ, ಬೆನ್ನು ಮಾತ್ರ ನೆಟ್ಟಗೆ.

"ಬರ್ರಿ, ಬರ್ರಿ. ನೀರು ಕುಡೀರಿ, ಉಂಡು ಹೋಗ್ರಿ," ಎಂದಳು. "ನೀವು ಮನುಷ್ಯರು ಒಳಗೆ ಬರ್ರಿ. ಆ ಪಟ ಮಾತ್ರ ಹೊರಗಿರ್ಲಿ."

ಗುಲ್ಜಾರ್‌ಬೀ ವಾದ ಮಾಡಲಿಲ್ಲ. ದುಪ್ಪಟ್ಟಾ ಬಿಚ್ಚಿ ಫೋಟೊವನ್ನು ಬೇವಿನ ಕಟ್ಟೆಯ ಮೇಲೆ ಮರಕ್ಕೆ ಒರಗಿಸಿಟ್ಟರು. ಬಿಳಿ ಕೋಟು, ಸಣ್ಣ ಮೀಸೆ, ಎಲ್ಲವನ್ನೂ ಬಲ್ಲ ಕಿರುನಗೆ. ಹಾಲಸ್ವಾಮಿ ಹಾರವನ್ನು ಅದರ ಮುಂದೆ ಇಟ್ಟರು. "ನಾನೂ ಇಲ್ಲೇ ಕೂತ್ಕೊಂತೀನಿ ಅವ್ವಾ," ಎಂದು ಗುಲ್ಜಾರ್‌ಬೀ ಕಟ್ಟೆಯ ಮೇಲೇ ಕೂತರು. "ಅವರನ್ನ ಹೊರಗೆ ಬಿಟ್ಟು ನಾನು ಒಳಗೆ ಹೆಂಗೆ ಬರ್ಲಿ?"

ಮನೆಗೆ ಬಂದ ಹೆಂಗಸು ಬಿಸಿಲಲ್ಲಿ ಹೊರಗೆ ಕೂರುವುದು ಅಜ್ಜಮ್ಮನಿಗೆ ಸರಿಬರಲಿಲ್ಲ. ಕೋಲೂರಿಕೊಂಡು ಎದ್ದು ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ, ಫೋಟೊಕ್ಕೆ ಬೆನ್ನು ಹಾಕಿ ಕೂತಳು.

"ಏನವ್ವಾ ನಿಂಗೆ ಅವನ ಮ್ಯಾಲೆ ಅಷ್ಟು ಪ್ರೀತಿ? ಎಂಥಾ ಪಾಪಿ ಅವನು!"

ಗುಲ್ಜಾರ್‌ಬೀ ಅವಳ ಕಡೆ ತಿರುಗಿ ಕೂತರು. ಈ ಮಾತನ್ನು ಅವರು ಮೂವರು ಗೆಳೆಯರಿಗೂ ಹೇಳಿರಲಿಲ್ಲ.

"ಅವ್ವಾ, ಅವನು ಪಾಪೀನೇ. ಆದ್ರೆ ಯಾರನ್ನೂ ಏಕವಚನದಾಗೆ ಮಾತಾಡ್ಸಿದೋನಲ್ಲ. ಮೊಸಳೆ ಬಾಯಿಗೆ ನೂಕ್ಬೇಕಾದ್ರೂ 'ದಯಮಾಡಿ ಈ ಕಡೆ ಬನ್ನಿ' ಅಂತಿದ್ದ. ನನ್ನ ಲಗ್ನ ಆದ ಹೊಸದ್ರಾಗೆ ನಮ್ಮೆಜಮಾನ್ರು ಕರೀಮ್ ಸಾಹೇಬ್ರು ನನ್ನ 'ಏಯ್' ಅಂತ ಕರೀತಿದ್ರು. ಕೆಟ್ಟೋರಲ್ಲ, ಎಲ್ಲಾರೂ ಹಂಗೇ ಕರೀತಿದ್ರು, ಇವರೂ ಕರೀತಿದ್ರು. ಒಂದಿನ ಇಬ್ರೂ ಮಿಂಚುಳ್ಳಿ ನೋಡಾಕೆ ಹೋದ್ವಿ. ವಾಪಸ್ ಬರೋವಾಗ ತಮಾಷೆಗೆ ಅಂತ ಮಂದಾರನ ಥರಾ ಕೈ ಚಾಚಿ, 'ಬೇಗಂ ಸಾಹೇಬಾ, ದಯಮಾಡಿ ಈ ಕಡೆ ಬನ್ನಿ, ಅಲ್ಲಿ ಕೆಸರೈತೆ' ಅಂದ್ರು. ನಾನು ನಕ್ಕೆ. ನಕ್ಕಿದ್ದು ನೋಡಿ ಅವರಿಗೆ ಖುಷಿ ಆಗಿ ಮಾರನೇ ದಿನಾನೂ ಹಂಗೇ ಕರೆದ್ರು. ಆಮ್ಯಾಲೆ ಅದೇ ರೂಢಿ ಆತು. ಆರು ವರ್ಷ ಆತು ಅವರು ಹೋಗಿ. ಕೊನೇ ದಿನ ಆಸ್ಪತ್ರ್ಯಾಗೂ 'ಚಾ ಕುಡೀರಿ ಬೇಗಂ, ನನ್ನ ನೋಡ್ಕೊಂತಾ ಎಷ್ಟೊತ್ತು ಕೂರ್ತೀರಿ' ಅಂದ್ರು."

ಬಾಗಿಲಲ್ಲಿ ನಿಂತಿದ್ದ ನುಜಹತ್ ಕಣ್ಣೊರೆಸಿಕೊಂಡಳು. ಮಾವ ಅತ್ತೆಯನ್ನು ಹಾಗೆ ಕರೆಯುವುದನ್ನು ಅವಳು ಕೇಳಿದ್ದಳು. ಅದು ಎಲ್ಲಿಂದ ಬಂತೆಂದು ಗೊತ್ತಿರಲಿಲ್ಲ.

ಅಜ್ಜಮ್ಮ ಬೇವಿನೆಲೆಯೊಂದನ್ನು ಬೆರಳಲ್ಲಿ ಹಿಸುಕುತ್ತ ಕೂತಿದ್ದಳು. "ನನ್ನ ಗಂಡ ಸಾಯೋತಂಕ 'ಏ ಇವಳೇ' ಅಂತಿದ್ದ," ಎಂದಳು. "ಹೆಸರು ನೆನಪಿತ್ತೋ ಇಲ್ಲೋ."

ಇಬ್ಬರೂ ನಕ್ಕರು. ನಕ್ಕ ಮೇಲೆ ಅಜ್ಜಮ್ಮನ ದನಿ ಸ್ವಲ್ಪ ಮೆತ್ತಗಾಯಿತು.

"ನನ್ನ ಕತೀನೂ ಕೇಳವ್ವಾ. ನಾನು ಆ ಸಿನಿಮಾಕ್ಕೆ ಹೋದ ವರ್ಷ ನಮ್ಮ ಕುರಿ ಹಸಿ ಜೋಳದ ಚಿಗುರು ತಿಂದು ಸತ್ತಿದ್ವು. ನಂಜಾಗ್ತೈತೆ ಅದು. ಕಣ್ಮುಂದೇನೇ ಉಳ್ಳಾಡಿ ಉಳ್ಳಾಡಿ ಸತ್ವು. ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ನೆರೆಮನ್ಯೋರು ಸಿನಿಮಾಕ್ಕೆ ಕರ್ಕೊಂಡ್ಹೋದ್ರೆ, ಅಲ್ಲೂ ಅದೇ! ಆ ಬಿಳಿ ಅಂಗಿಯೋನು ಸತ್ತ ಕುರಿ ನಡುವೆ ನಕ್ಕೊಂತಾ ಓಡಾಡ್ತಿದ್ದ. ಹೆಂಗಾಗ್ಬ್ಯಾಡ ನಂಗೆ?"

ಗುಲ್ಜಾರ್‌ಬೀ ತಲೆಯಾಡಿಸಿದರು. "ಹೌದವ್ವಾ," ಎಂದರು, "ನಾನಾಗಿದ್ರೂ ಮಣ್ಣು ತೂರ್ತಿದ್ದೆ." ಫೋಟೊವನ್ನು ಮತ್ತೆ ದುಪ್ಪಟ್ಟಾದಲ್ಲಿ ಸುತ್ತಿ ತೆಗೆದುಕೊಂಡು ಹೋಗುವುದೇ ಸರಿಯೆಂದು ತಿರುಗಿದರು.

ತಿರುಗಿ ನೋಡಿದರೆ ಕಟ್ಟೆ ಹತ್ತಿದ ಎರಡು ಮರಿಗಳು ಮಂದಾರನ ಹಾರವನ್ನು ಎರಡು ಕಡೆಯಿಂದ ಮೇಯುತ್ತಿದ್ದವು. ಅರ್ಧ ಆಗಲೇ ಖಾಲಿ.

"ಅಯ್ಯಯ್ಯೋ, ಹಾರ!" ಎಂದು ಹಾಲಸ್ವಾಮಿ ಒಳಗಿನಿಂದ ಓಡಿಬಂದರು. ಮರಿಗಳು ಹಾರವನ್ನು ಎಳೆದುಕೊಂಡೇ ಓಡಿದವು. ಚನ್ನಗಿರಿಯ ಅಡಿಕೆ ವ್ಯಾಪಾರಿ ಅಂಗಳದ ಸುತ್ತ ಎರಡು ಸುತ್ತು ಓಡಿ, ಹಣೆಯ ಸುರುಳಿ ಕಣ್ಣಿಗೆ ಬಿದ್ದು, ನೀರಿನ ತೊಟ್ಟಿಗೆ ಎಡವಿ ಕುಕ್ಕರಿಸಿದರು. ಓಂಕಾರಪ್ಪ ಜಗುಲಿಯಿಂದ ಕರ್ನಲ್ ಸಾಹೇಬರ ಗಡಸು ದನಿಯಲ್ಲಿ ಕೂಗಿದರು: "ಮಿಂಚುಳ್ಳಿ! ಶತ್ರುಗಳು ತಪ್ಪಿಸಿಕೊಳ್ಳಬಾರದು!"

ಅಜ್ಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡಿದ್ರಾ, ನೋಡಿದ್ರಾ! ನನ್ನ ಮರಿಗಳು ಸೇಡು ತೀರಿಸ್ಕೊಂಡ್ವು!"

ಆ ನಗುವಿನ ನಡುವೆ ನುಜಹತ್ ಮುಂದೆ ಬಂದಳು. "ಅಜ್ಜೀ, ಒಂದ್ಸಲ ಆ ಸೀನ್ ನೋಡ್ತೀರಾ? ನನ್ನ ಫೋನಿನಾಗೆ ಐತೆ. ಯಾರೋ ಪೂರ್ತಿ ಸಿನಿಮಾ ಹಾಕ್ಯಾರೆ. ಬ್ಯಾಡಾದ್ರೆ ಬ್ಯಾಡ."

ಚಿಕ್ಕಹನುಮಂತಪ್ಪ ಬೇಡವೆಂದು ನುಜಹತ್ ಕಡೆ ಕೈಯಾಡಿಸಿದ. ಅಜ್ಜಮ್ಮ ಮಾತ್ರ ಕಣ್ಣೀರು ಬರುವಷ್ಟು ನಕ್ಕು ಹಗುರಾಗಿದ್ದಳು. "ಹಾಕವ್ವಾ ನೋಡಾಣ. ಈಗ ಅವನೂ ಸತ್ತಾನೆ, ನಾನೂ ಮುದುಕಿ ಆಗೀನಿ."

ಫೋನನ್ನು ಟಿವಿಗೆ ಜೋಡಿಸಿದರು. ಫೋಟೊ ಹೊರಗೇ ಇತ್ತು, ಮಂದಾರ ಮಾತ್ರ ಟಿವಿಯೊಳಗಿಂದ ಮನೆ ಹೊಕ್ಕ. ಬಣ್ಣ ಮಾಸಿದ ಪ್ರತಿ. ಆದರೂ ಎಲ್ಲ ಕಾಣುತ್ತಿತ್ತು. ಬಾವಿ, ಬೋಳು ಬಯಲು, ಅಡ್ಡಾದಿಡ್ಡಿ ಮಲಗಿದ ಕುರಿಗಳು. ಮಂದಾರ ಅವುಗಳ ನಡುವೆ ಬೆತ್ತ ಬೀಸುತ್ತ ನಡೆದು ಬಂದ. ಅಜ್ಜಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಗುಲ್ಜಾರ್‌ಬೀ ಅವಳ ಇನ್ನೊಂದು ಕೈ ಹಿಡಿದುಕೊಂಡರು.

ಇದ್ದಕ್ಕಿದ್ದಂತೆ ಅಜ್ಜಮ್ಮ ಆ ಕೈ ಕೊಸರಿಕೊಂಡು ಟಿವಿಯ ಹತ್ತಿರ ಹೋದಳು.

"ನಿಲ್ಸು! ಹಿಂದಕ್ಕೆ ತಗೋ! ಹ್ಞಾಂ, ಇಲ್ಲಿ ನೋಡ್ರಿ. ಈ ಕುರಿ ಮೆಲುಕು ಹಾಕ್ತೈತೆ!"

ಎಲ್ಲರೂ ಬಗ್ಗಿ ನೋಡಿದರು. ಹೌದು. ಮುಂದುಗಡೆ ಸತ್ತು ಬಿದ್ದಿದ್ದ ಕಪ್ಪು ಮೂತಿಯ ಕುರಿ ನೆಮ್ಮದಿಯಿಂದ ದವಡೆ ಆಡಿಸುತ್ತಿತ್ತು. ಅದರ ಹಿಂದಿನದು ನೊಣಕ್ಕೆ ಕಿವಿ ಒದರಿತು.

"ಉಂಡು ಮಲಗ್ಯಾವೆ ಕಣೋ ಇವು!" ಅಜ್ಜಮ್ಮ ಮಗನ ಭುಜಕ್ಕೆ ಹೊಡೆದಳು. "ಮಧ್ಯಾಹ್ನದ ಹೊತ್ತು ಹೊಟ್ಟೆ ತುಂಬಿದ ಕುರಿ ಹಿಂಗೇ ಮಲಗೋದು! ಒಂದೂ ಸತ್ತಿಲ್ಲ!"

"ಸಿನಿಮಾ ಅಲ್ವೇನವ್ವಾ," ಎಂದ ಚಿಕ್ಕಹನುಮಂತಪ್ಪ.

"ಸಿನಿಮಾ ಅಂತ ನಂಗೂ ಗೊತ್ತು. ಕುರಿಗೆ ಗೊತ್ತಿರಲ್ವಲ್ಲ, ಸತ್ತಂಗೆ ಮಲಗಾಕೆ ಅದಕ್ಕೆ ಬರ್ತೈತಾ? ನಿಜವಾಗ್ಲೂ ಸಾಯಿಸೇ ತೆಗ್ದಾರೆ ಅನ್ಕಂಡಿದ್ದೆ."

ನುಜಹತ್ ದೃಶ್ಯವನ್ನು ಮುಂದಕ್ಕೆ ಬಿಟ್ಟಳು. ಮಂದಾರ ಒಂದು ಮರಿಯ ಹತ್ತಿರ ಮೊಣಕಾಲೂರಿ ಕೂತು, ಕ್ಯಾಮೆರಾ ಕಡೆ ನೋಡಿ ಕ್ರೂರವಾಗಿ ನಕ್ಕ. ನಗುತ್ತಿದ್ದ ಹಾಗೇ ಅವನ ಎಡಗೈ ಬಿಳಿ ಟೋಪಿಯನ್ನು ಮೆಲ್ಲಗೆ ಮರಿಯ ಮುಖದ ಬಿಸಿಲಿಗೆ ಅಡ್ಡ ಹಿಡಿದಿತ್ತು. ಅದು ಮಂದಾರನ ಕೈಯಲ್ಲ, ಭುಜಂಗ ಶ್ಯಾನುಭಾಗರ ಕೈ. ಈ ಸಿನಿಮಾವನ್ನು ಎಷ್ಟೋ ಸಲ ನೋಡಿದ್ದ ಗುಲ್ಜಾರ್‌ಬೀ ಕೂಡ ಅದನ್ನು ಗಮನಿಸಿರಲಿಲ್ಲ. ಅವರು ಯಾವಾಗಲೂ ಅವನ ಮುಖವನ್ನೇ ನೋಡುತ್ತಿದ್ದರು.

ಅಜ್ಜಮ್ಮ ಸರಸರನೆ ಹೊರಗೆ ಹೋದಳು. ಎಲ್ಲರೂ ಹಿಂದೆ ಹೋದರು. ಅವಳು ಬೇವಿನ ಕಟ್ಟೆಯ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ಫೋಟೊವನ್ನು ಮೊದಲ ಸಲ ನೇರವಾಗಿ ನೋಡಿದಳು.

"ಏನಪ್ಪಾ ದೊಡ್ಡ ಮನುಷ್ಯ! ನಿನ್ನಿಂದ ಅವತ್ತು ನಾನು ಉಪವಾಸ ಮಲಗಿದೆ, ಗೊತ್ತಾ? ನನ್ನ ಮಗ ಸಿನಿಮಾ ಸಿನಿಮಾ ಅಂತ ಅತ್ತು ಮೂಗು ಸುರಿಸ್ಕೊಂಡ. ಇಷ್ಟು ವರ್ಷ ನಿನ್ನ ಹೆಸರು ತಗೊಂಡು ಶಾಪ ಹಾಕೀನಿ. ಒಂದ್ಮಾತು ಹೇಳಾಕೆ ಆಗ್ತಿರ್ಲಿಲ್ವಾ, ಅಮ್ಮಾ, ಕುರಿ ಮಲಗ್ಯಾವೆ, ಸತ್ತಿಲ್ಲ ಅಂತ? ನೆಟ್ಟಗೆ ನಗಾಕಾದ್ರೂ ಬರ್ತಿತ್ತಾ ನಿಂಗೆ? ಹಲ್ಲು ನೋಡು, ಗರಗಸ!"

ಬೈಗುಳ ಬಹಳ ಹೊತ್ತು ಸಾಗಿತು. ಮೀಸೆ, ಕೋಟು, ಶೂ ಯಾವುದನ್ನೂ ಬಿಡಲಿಲ್ಲ. ಮೊದಲು ಹಲ್ಲು ಕಚ್ಚಿ ನಿಂತಿದ್ದ ಗುಲ್ಜಾರ್‌ಬೀ ನಗಲು ಶುರುಮಾಡಿದರು. ಹಿಂದೆ ಮೂರೂ ಊರುಗಳಲ್ಲಿ ಅವರು ಕೇಳಿದ ಭಾಷಣಗಳಲ್ಲಿ ಇಷ್ಟು ಮನಸ್ಸಿಟ್ಟು ಯಾರೂ ಯಾರ ಬಗ್ಗೆಯೂ ಮಾತಾಡಿರಲಿಲ್ಲ. ಕೊನೆಗೆ ಅಜ್ಜಮ್ಮನ ಉಸಿರು ತೀರಿತು. ಹಾಲಸ್ವಾಮಿಯ ಕೈಯಲ್ಲಿ ಉಳಿದಿದ್ದ ಹಾರದ ತುಂಡನ್ನು ಇಸಿದುಕೊಂಡು, ದಾರ ಗಂಟು ಹಾಕಿ, ಫೋಟೊಕ್ಕೆ ಹಾಕಿದಳು.

"ಒಳಗೆ ತಗೊಂಡ್ಬರ್ರಿ," ಎಂದಳು. "ಬಿಸಿಲು ಬಡೀತೈತೆ ಅವರಿಗೆ."

ಗುಲ್ಜಾರ್‌ಬೀ ಫೋಟೊ ಎತ್ತಿಕೊಂಡರು. ಹೊಸ್ತಿಲು ದಾಟುವಾಗ ತುಟಿ ಅಲ್ಲಾಡಿಸಿ ತಮ್ಮದೇ ಒಂದು ಸಣ್ಣ ದುವಾ ಹೇಳಿಕೊಂಡರು. ಅದರಲ್ಲಿ ಭುಜಂಗ ಶ್ಯಾನುಭಾಗರೂ ಇದ್ದರು, ಕರೀಮ್ ಸಾಹೇಬರೂ ಇದ್ದರು.

ಊಟಕ್ಕೆ ರೊಟ್ಟಿ, ಮುಳಗಾಯಿ ಪಲ್ಯ, ಶೇಂಗಾ ಚಟ್ನಿ. ಚಿಕ್ಕಹನುಮಂತಪ್ಪ ಹಾಡಿದ, ಓಂಕಾರಪ್ಪ ಕರ್ನಲ್ ಆದರು, ಹಾಲಸ್ವಾಮಿ ಸ್ವತಃ ಎದ್ದು ನಿಂತು, ಖಳನಾಯಕ ಗಟ್ಟಿಯಿಲ್ಲದಿದ್ದರೆ ನಾಯಕ ಯಾರ ಕೂಡ ಗುದ್ದಾಡುತ್ತಿದ್ದ ಎಂದು ಎರಡು ಒಳ್ಳೆಯ ಮಾತು ಹೇಳಿದರು. ಇಷ್ಟೆಲ್ಲ ಆದ ಮೇಲೆ ಎಲ್ಲರೂ ಬಸ್ಸಿನ ಹೊತ್ತು ನೋಡಿಕೊಳ್ಳುತ್ತಿದ್ದಾಗ ಅಜ್ಜಮ್ಮ ಟಿವಿಯ ಮುಂದೆ ಹೋಗಿ ಕೂತಳು.

"ಎಲ್ಲಿಗೆ ಎದ್ರಿ? ಉಳಿದಿದ್ದು ಹಾಕ್ರಿ. ಆ ಹಳ್ಳಿ ಜನ ಏನಾದ್ರು ಅಂತ ನಂಗೆ ಗೊತ್ತೇ ಇಲ್ಲ."

ಬಸ್ಸು ಹೋಯಿತು. ಅವರೆಲ್ಲ ಕೂತು ಉಳಿದ ಅರ್ಧ ನೋಡಿದರು. ಮಿಂಚುಳ್ಳಿ ಛಾವಣಿಯಿಂದ ಛಾವಣಿಗೆ ಹಾರಿದಾಗ ಅಜ್ಜಮ್ಮ "ಹುಷಾರಪ್ಪಾ" ಎಂದಳು, ನಾಯಕಿ ಬಾಗಿಲ ಹಿಂದೆ ಅಡಗಿದಾಗ "ಸೆರಗು ಕಾಣ್ತೈತೆ, ಒಳಗೆಳ್ಕೋ" ಎಂದಳು. ಸಿನಿಮಾ ಮುಗಿದಾಗ ಇನ್ನೆಷ್ಟಿವೆ ಎಂದು ಕೇಳಿದಳು. ಇನ್ನೂ ಎಂಟು ಎಂದರು.

"ಮತ್ತೆ ಯಾವಾಗ ಬರ್ತೀರಿ?"

ನಾಲ್ವರೂ ಮುಖ ಮುಖ ನೋಡಿಕೊಂಡರು. ಓಂಕಾರಪ್ಪ ತಲೆ ಕೆರೆದುಕೊಂಡರು. "ನಾವು ಯಾರಾದ್ರೂ ತೀರ್ಕೊಂಡಾಗ ಸೇರೋದವ್ವಾ. ದೊಡ್ಡೋರೆಲ್ಲ ಮುಗಿದ್ರು. ಇನ್ನು ಯಾರೂ ಉಳಿದಿಲ್ಲ."

"ಥೂ, ಅದೇನು ಪದ್ಧತಿ! ಸೇರಾಕೆ ಯಾರಾದ್ರೂ ಸಾಯ್ಬೇಕಾ? ತಿಂಗ್ಳಿಗೊಂದು ನೋಡಾಣ. ಒಂದೊಂದೂರಾಗೆ ಒಂದೊಂದು."

ಹಾಗೆಯೇ ಆಯಿತು. ಮುಂದಿನ ತಿಂಗಳು ಚನ್ನಗಿರಿ ಕಡೆಯ ಸೂಳೆಕೆರೆಯ ಹತ್ತಿರ ಹಾಲಸ್ವಾಮಿಯ ತಂಗಿಯ ಮನೆಯಲ್ಲಿ ಮೊದಲನೇ ಮಿಂಚುಳ್ಳಿ ಹಾಕಿದರು. ಅಜ್ಜಮ್ಮ ಮಗನ ಬೈಕಿನ ಹಿಂದೆ ಕೂತು, ಹುರಿದ ಶೇಂಗಾದ ಚೀಲ ಮಡಿಲಲ್ಲಿಟ್ಟುಕೊಂಡು ಬಂದಳು. ಕೆರೆ ಏರಿಯ ಮೇಲೆ ಇಳಿದು ಅಷ್ಟು ನೀರನ್ನು ಕಣ್ತುಂಬ ನೋಡಿ, ಗುಲ್ಜಾರ್‌ಬೀಯ ಕೈ ಹಿಡಿದು ಮನೆಯೊಳಗೆ ಹೋಗಿ ಎಲ್ಲರಿಗಿಂತ ಮುಂದೆ ಕೂತಳು. ಗುಲ್ಜಾರ್‌ಬೀ ಪಕ್ಕದಲ್ಲಿ ಕೂತು ಶೇಂಗಾ ಸುಲಿದು ಅವಳ ಕೈಗೆ ಹಾಕುತ್ತ, ಮೊದಲ ಹಾಡು ಶುರುವಾಗುವ ಮುಂಚೆಯೇ ಯಾರು ಯಾರೆಂದು ಹೇಳತೊಡಗಿದರು.